ಕಿರ್ರ್ ಅನ್ನುವುದು ಬೇರೆ, ಟಕ್ ಅನ್ನುವುದು ಬೇರೆ

ರಸ್ತೆ ಉಬ್ಬಿನ ಪಕ್ಕದ ಬೋರ್ಡಿನ ಮೇಲೆ ತಮಿಳಿನಲ್ಲಿ 'ವೇಗತ್ತಡೈ'. ಉಬ್ಬನ್ನು ಹತ್ತಿ ಇಳಿಯುವವರ ಬಾಯಲ್ಲಿ 'ಹಂಪು'. ಈರೋಡ್ ಜಿಲ್ಲೆಯ ತಾಳವಾಡಿ ಬೆಟ್ಟದ ಮೇಲೆ ಸರ್ಕಾರಿ ಕಾಗದ ತಮಿಳಿನಲ್ಲಿ ಬಂದರೂ ಮನೆ, ಹೊಲ, ಸಂತೆಗಳ ಮಾತು ಬಹುಮಟ್ಟಿಗೆ ಕನ್ನಡ, ಅದೂ ಚಾಮರಾಜನಗರದ ಕಡೆಯ ಕನ್ನಡ. ಹಾಗಾಗಿ ಗಾಡಿಯ ಮೇಲಿನ ದೂರೂ ಕನ್ನಡದಲ್ಲೇ ಇರುತ್ತದೆ: 'ಅಣ್ಣ, ಹಂಪ್ ಇಳಿಯವಾಗ ಮುಂದ್ಗಡ ಸದ್ದು ಬತ್ತದ.' ಅನುಭವವುಳ್ಳ ಮೆಕ್ಯಾನಿಕ್ ಆದರೆ ಬಾನೆಟ್ಟಿಗೆ ಕೈ ಹಾಕುವ ಮೊದಲು ಒಂದು ಮರುಪ್ರಶ್ನೆ ಕೇಳುತ್ತಾನೆ: 'ಟಕ್ ಅಂತದೋ, ಕಟಕಟ ಅಂತದೋ, ಕಿರ್ರ್ ಅಂತದೋ?'

ವ್ಯಾಕರಣದ ಪುಸ್ತಕಗಳು ಇಂಥ ಪದಗಳನ್ನು ಅನುಕರಣಾವ್ಯಯ ಎಂದು ಕರೆದು ಅರ್ಧ ಪುಟದಲ್ಲಿ ಮುಗಿಸುತ್ತವೆ. ಗ್ಯಾರೇಜಿನಲ್ಲಿ ಅವುಗಳ ಬೆಲೆ ಅದಕ್ಕಿಂತ ಹೆಚ್ಚು. ಟಕ್, ಕಟಕಟ, ಕಿರ್ರ್, ಧಡ್ ಎಂಬವು ಒಂದೇ ಗದ್ದಲಕ್ಕಿಟ್ಟ ನಾಲ್ಕು ಹೆಸರುಗಳಲ್ಲ. ಕಬ್ಬಿಣ, ರಬ್ಬರು, ಎಣ್ಣೆಗಳ ನಡುವೆ ನಡೆಯುವ ನಾಲ್ಕು ಬೇರೆ ಬೇರೆ ಘಟನೆಗಳಿಗೆ ಅವು ಸಾಕ್ಷಿ.

ತಾಳವಾಡಿ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಊರು. ನಟ ರಾಜ್‌ಕುಮಾರ್ ಅವರ ಗಾಜನೂರು ಇರುವುದು ಇದರ ಆಸುಪಾಸಿನಲ್ಲೇ. ಚಾಮರಾಜನಗರ ಪಕ್ಕದ ಮನೆಯಷ್ಟು ಹತ್ತಿರ. ಜಿಲ್ಲಾ ಕೇಂದ್ರವಾದ ಈರೋಡ್ ಮಾತ್ರ 100 ಕಿ.ಮೀ.ಗೂ ಆಚೆ. ಅಲ್ಲಿಗೆ ಹೋಗಬೇಕೆಂದರೆ ಹಾಸನೂರು ದಾಟಿ, ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳನ್ನು ಇಳಿದು ಬಣ್ಣಾರಿ ಸೇರಬೇಕು. ಬೆಂಗಳೂರು–ಕೊಯಮತ್ತೂರು ನಡುವಿನ ಈ ಹೆದ್ದಾರಿಗೆ ಈಗ 948 ಎಂಬ ಸಂಖ್ಯೆ, ಹಳಬರಿಗೆ ಇನ್ನೂ 209. ಸುತ್ತಲಿನ ಕಾಡು 2013ರಲ್ಲಿ ಘೋಷಣೆಯಾದ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ. 2022ರ ಫೆಬ್ರವರಿಯಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವೂ ಬಂತು. ಹಾಸನೂರು, ಕಾರಪಳ್ಳಂ ಕಡೆ ಆನೆಗಳು ಕಬ್ಬಿನ ಲಾರಿಗಳನ್ನು ಕಾದು ನಿಂತು ಜಲ್ಲೆ ಎಳೆದುಕೊಳ್ಳುವುದು ಪತ್ರಿಕೆಗಳಿಗೆ ಹಳೆಯ ಸುದ್ದಿ. ಇಂಥ ದಾರಿಯಲ್ಲಿ ಮುಂದಿನ ಚಕ್ರದ ಹತ್ತಿರ ಏನೋ ಟಕ್ ಎಂದರೆ, 'ನೋಡೋಣ, ಸತ್ಯಮಂಗಲಕ್ಕೆ ಹೋದ ಮೇಲೆ ತೋರಿಸೋಣ' ಅನ್ನುವ ಧೈರ್ಯ ಎಲ್ಲರಿಗೂ ಬರುವುದಿಲ್ಲ.

ರಸ್ತೆಯ ಈ ಹಂಪಿಗೂ ಒಂದು ಇತಿಹಾಸವಿದೆ, ಅದರಲ್ಲೊಬ್ಬ ನೊಬೆಲ್ ವಿಜೇತನಿದ್ದಾನೆ. ಬೆಳಕಿನ ಕಣಗಳು ಎಲೆಕ್ಟ್ರಾನಿಗೆ ಡಿಕ್ಕಿ ಹೊಡೆದು ಚದುರುವ ಬಗೆಯನ್ನು ತೋರಿಸಿ 1927ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದ ಆರ್ಥರ್ ಕಾಂಪ್ಟನ್, ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿದ್ದಾಗ, ಆವರಣದೊಳಗೆ ಕಾರುಗಳು ನುಗ್ಗುವ ವೇಗ ನೋಡಿ 1953ರಲ್ಲಿ ರಸ್ತೆ ಉಬ್ಬುಗಳನ್ನು ವಿನ್ಯಾಸ ಮಾಡಿದ. ನಮ್ಮ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲಿ ಹೊರಡಿಸಿದ ನಿಯಮದ ಪ್ರಕಾರ ಸಾಮಾನ್ಯ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕಿತ್ತು; ಅದನ್ನು ದಾಟಬೇಕಾಗಿದ್ದ ವೇಗ ಗಂಟೆಗೆ 25 ಕಿ.ಮೀ. ಆ ವೇಗದಲ್ಲಿ ಒಂದು ಚಕ್ರ ಹಂಪನ್ನು ಹತ್ತಿ ಇಳಿಯಲು ಅರ್ಧ ಸೆಕೆಂಡು ಹಿಡಿಯುತ್ತದೆ. ಊರಿನವರೇ ಸೇರಿ ಜಲ್ಲಿ ಸುರಿದು ಕಟ್ಟಿದ ಕಿರಿದಾದ ದಿಬ್ಬವಾದರೆ ಲೆಕ್ಕವೇ ಬೇರೆ. ಒಂದಡಿ ಅಗಲದ ಅಂಥ ಉಬ್ಬನ್ನು 20 ಕಿ.ಮೀ. ವೇಗದಲ್ಲಿ ದಾಟುವ ಚಕ್ರಕ್ಕೆ ಸಿಗುವುದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಮಾತ್ರ.

ಈ ವ್ಯತ್ಯಾಸ ಯಾಕೆ ಮುಖ್ಯ ಎಂದರೆ, ಕಾರಿನಲ್ಲಿ ಎರಡು ಉಯ್ಯಾಲೆಗಳಿವೆ. ಸ್ಪ್ರಿಂಗ್‌ಗಳ ಮೇಲೆ ಕೂತ ಇಡೀ ಬಾಡಿ ಒಂದು. ಅದು ಸೆಕೆಂಡಿಗೆ ಸುಮಾರು ಒಂದರಿಂದ ಒಂದೂವರೆ ಸಲ ತೂಗುತ್ತದೆ, ನಡೆಯುವ ಮನುಷ್ಯನ ಲಯಕ್ಕೆ ಹತ್ತಿರ. ಇನ್ನೊಂದು, ಕೆಳಗಿನ ಚಕ್ರ. ಮೇಲೆ ಸ್ಪ್ರಿಂಗ್, ಕೆಳಗೆ ಗಾಳಿ ತುಂಬಿದ ಟಯರ್, ಇವೆರಡರ ನಡುವೆ ಸಿಕ್ಕ ಚಕ್ರ ಸೆಕೆಂಡಿಗೆ ಹತ್ತು–ಹದಿನೈದು ಸಲ ಕುಣಿಯಬಲ್ಲದು. ಅಗಲ ಹಂಪ್ ಬಾಡಿಯನ್ನು ಎತ್ತಿ ಇಳಿಸುತ್ತದೆ. ಕಿರಿದಾದ ಉಬ್ಬು ಬಾಡಿಯನ್ನು ಮುಟ್ಟುವುದೇ ಇಲ್ಲ ಎನ್ನಬಹುದು, ಅದು ಚಕ್ರವನ್ನು ಒದೆಯುತ್ತದೆ. ಆದ್ದರಿಂದ ಯಾವ ಉಬ್ಬಿನ ಮೇಲೆ ಸದ್ದು ಬರುತ್ತದೆ ಎಂಬುದೇ ಮೊದಲ ಸುಳಿವು.

ಎರಡೂ ಉಯ್ಯಾಲೆಗಳನ್ನು ನಿಲ್ಲಿಸುವ ಕೆಲಸ ಶಾಕ್ ಅಬ್ಸಾರ್ಬರಿನದು, ಗ್ಯಾರೇಜಿನ ಬಾಯಲ್ಲಿ ಶಾಕಪ್. ಹೆಸರು ಸ್ವಲ್ಪ ಮೋಸದ್ದು: ಹೊಡೆತವನ್ನು ನುಂಗುವುದು ಸ್ಪ್ರಿಂಗ್, ನುಂಗಿದ್ದನ್ನು ತಿರುಗಿ ಉಗುಳದಂತೆ ಮಾಡುವುದು ಶಾಕಪ್. ಅದರೊಳಗೆ ಒಂದು ಪಿಸ್ಟನ್, ಸುತ್ತ ಎಣ್ಣೆ, ಪಿಸ್ಟನ್ನಿನಲ್ಲಿ ಸಣ್ಣ ತೂತುಗಳು. ಎಣ್ಣೆ ಆ ತೂತುಗಳಲ್ಲಿ ನುಸುಳಬೇಕಾದಾಗ ಚಲನೆಯೆಲ್ಲ ಶಾಖವಾಗಿ ಕರಗುತ್ತದೆ. ಕೆಟ್ಟ ದಾರಿಯಲ್ಲಿ ಅರ್ಧ ಗಂಟೆ ಓಡಿದ ಕಾರಿನ ಶಾಕಪ್ ಮುಟ್ಟಿದರೆ ಬೆಚ್ಚಗಿರುತ್ತದೆ. ನಾಲ್ಕರಲ್ಲಿ ಒಂದು ಮಾತ್ರ ತಣ್ಣಗಿದ್ದರೆ ಅದು ದುಡಿಯುತ್ತಿಲ್ಲ ಎಂಬ ಅನುಮಾನ ನ್ಯಾಯವಾದದ್ದೇ.

ಈಗ ಸದ್ದುಗಳಿಗೆ ಬರೋಣ.

ಟಕ್. ಎರಡು ಗಟ್ಟಿ ವಸ್ತುಗಳ ನಡುವೆ ಇರಬಾರದ ಸಂದು ಇದೆ, ಹಂಪಿನಲ್ಲಿ ಅದು ಒಮ್ಮೆ ಮುಚ್ಚಿ ಒಮ್ಮೆ ತೆರೆಯುತ್ತದೆ ಎಂದರ್ಥ. ಸವೆದ ಬಾಲ್ ಜಾಯಿಂಟ್, ಚಕ್ರವನ್ನು ಹಿಡಿದ ಕೆಳತೋಳಿನ (ಲೋಯರ್ ಆರ್ಮ್) ಹರಿದ ರಬ್ಬರ್ ಬುಷ್, ಸಡಿಲವಾದ ಬೋಲ್ಟ್, ಶಾಕಪ್ಪಿನ ನೆತ್ತಿಯ ರಬ್ಬರ್ ಮೌಂಟ್ ಎಲ್ಲ ಈ ಗುಂಪಿನವು. ಅರ್ಧ ಮಿಲಿಮೀಟರ್ ಸಂದು ಸಾಕು. ಕಣ್ಣಿಗೆ ಕಾಣದ ಆ ಸಂದು ಕಿವಿಗೆ ಬಿಡದೆ ಕೇಳುತ್ತದೆ.

ಕಟಕಟ ಎಂಬುದು ಅದೇ ಟಕ್, ಆದರೆ ಹಗುರವಾದ ಭಾಗದ್ದು. ಹೆಚ್ಚಿನ ಸಂದರ್ಭದಲ್ಲಿ ಅಪರಾಧಿ ಲಿಂಕ್ ರಾಡ್: ಎರಡು ಚಕ್ರಗಳ ನಡುವೆ ಅಡ್ಡಲಾಗಿ ಹಾಯುವ ಸ್ಟೆಬಿಲೈಜರ್ ಬಾರನ್ನು ಸಸ್ಪೆನ್ಷನ್ನಿಗೆ ಜೋಡಿಸುವ, ಗೇಣುದ್ದದ ಬಡಪಾಯಿ ಕಂಬಿ. ಇದನ್ನು ಹಿಡಿಯಲು ಬಿಚ್ಚುವುದೂ ಬೇಡ, ಬುದ್ಧಿ ಸಾಕು. ಸ್ಟೆಬಿಲೈಜರ್ ಬಾರ್ ಕೆಲಸ ಮಾಡುವುದು ಒಂದು ಚಕ್ರ ಏರಿ ಇನ್ನೊಂದು ಏರದಿದ್ದಾಗ. ಎರಡೂ ಒಟ್ಟಿಗೆ ಏರಿದರೆ ಅದು ತಿರುಚಿಕೊಳ್ಳದೆ ಸುಮ್ಮನೆ ಜೊತೆಗೆ ಏಳುತ್ತದೆ. ಹಾಗಾದರೆ ಕಾರನ್ನು ಹಂಪಿಗೆ ನೇರವಾಗಿ, ನಿಧಾನವಾಗಿ ಹತ್ತಿಸಿ. ಸದ್ದಿಲ್ಲ. ಅದೇ ವೇಗದಲ್ಲಿ ಓರೆಯಾಗಿ ಹತ್ತಿಸಿ. ಕಟಕಟ ಎಂದಿತೇ? ಸಾಲಿನಲ್ಲಿ ಮೊದಲು ನಿಲ್ಲುವವನು ಲಿಂಕ್ ರಾಡ್. ಸಾವಿರಾರು ರೂಪಾಯಿಯ ಶಾಕಪ್ ಬದಲಾಯಿಸಿ, ಸದ್ದು ಹಾಗೇ ಉಳಿದು, ಕೊನೆಗೆ ಅದಕ್ಕಿಂತ ಎಷ್ಟೋ ಅಗ್ಗದ ಈ ಕಂಬಿ ಹಾಕಿಸಿಕೊಂಡವರು ಕಡಿಮೆಯಿಲ್ಲ.

ಧಡ್ ಎಂದರೆ ಸಸ್ಪೆನ್ಷನ್ ತನ್ನ ಹಾದಿಯ ಕೊನೆ ಮುಟ್ಟಿ ತಡೆರಬ್ಬರಿಗೆ ಬಡಿದಿದೆ. ಎಲೆಕೋಸು, ಆಲೂಗಡ್ಡೆ ಮೂಟೆ ಹೇರಿದ ಓಮ್ನಿಯ ಹಿಂಭಾಗ ಹೀಗೆ ಕೂಗಿದರೆ ಅದು ರೋಗವಲ್ಲ, ಹೊರೆ. ಖಾಲಿ ಗಾಡಿಯೂ ಧಡ್ ಎಂದರೆ ಶಾಕಪ್ಪಿನ ಎಣ್ಣೆ ಸೋರಿದೆ, ಇಲ್ಲವೇ ಸ್ಪ್ರಿಂಗ್ ಕೂತಿದೆ ಅಥವಾ ತುಂಡಾಗಿದೆ. ಸುರುಳಿ ಸ್ಪ್ರಿಂಗ್ ಬಹುತೇಕ ತುಂಡಾಗುವುದು ತಳದ ಸುತ್ತಿನಲ್ಲಿ. ಅಲ್ಲಿ ಕೆಸರು ಕೂತು, ಬಣ್ಣ ಕಿತ್ತು, ತುಕ್ಕಿನ ಒಂದು ಚುಕ್ಕೆ ಬಿರುಕಿಗೆ ಬಾಯಿ ತೆರೆಯುತ್ತದೆ. ಮುರಿದ ತುಂಡು ಸ್ಪ್ರಿಂಗ್ ಕೂರುವ ಬಟ್ಟಲಿನಲ್ಲೇ ಕೂತಿರುವುದರಿಂದ ಬಗ್ಗಿ ನೋಡಿದರೂ ಕಾಣದೆ ಹೋಗಬಹುದು.

ಕಿರ್ರ್ ಮಾತ್ರ ಬೇರೆ ಜಾತಿ. ಇಲ್ಲಿ ಡಿಕ್ಕಿಯಿಲ್ಲ, ತಿಕ್ಕಾಟವಿದೆ. ಒಣ ರಬ್ಬರು ಲೋಹಕ್ಕೆ ಅಂಟಿಕೊಳ್ಳುತ್ತದೆ, ಎಳೆತ ಹೆಚ್ಚಾದಾಗ ಜಾರುತ್ತದೆ, ತಕ್ಷಣ ಮತ್ತೆ ಅಂಟುತ್ತದೆ. ಈ ಅಂಟು–ಜಾರು ಸೆಕೆಂಡಿಗೆ ನೂರಾರು ಸಲ ನಡೆದಾಗ ಅದು ಸ್ವರವಾಗಿ ಕೇಳುತ್ತದೆ. ಪಿಟೀಲಿನ ತಂತಿ ನುಡಿಯುವುದೂ ಹೀಗೆಯೇ. ಅಲ್ಲಿ ರಾಳ ಸವರಿದ ಕಮಾನು, ಇಲ್ಲಿ ಧೂಳು ಕುಡಿದ ಬುಷ್. ಹಾಗಾಗಿಯೇ ಕಿರ್ರ್ ಸದ್ದಿಗೆ ಹವೆಯ ಹಂಗಿದೆ. ಬೆಟ್ಟದ ಚಳಿಯ ಬೆಳಗಿನಲ್ಲಿ ರಬ್ಬರ್ ಬಿರುಸಾಗಿ ಸದ್ದು ಜೋರು, ಮಧ್ಯಾಹ್ನಕ್ಕೆ ಮೆತ್ತಗೆ. ಮಳೆ ಬಿದ್ದ ದಿನ ಮಾಯ. ಮಳೆಯಲ್ಲಿ ನಿಲ್ಲುವ ಸದ್ದು ಟಕ್ ಗುಂಪಿನದಲ್ಲ ಎಂದು ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದು. ಒಂದು ಬಾಟಲಿ ನೀರನ್ನು ಒಂದೊಂದೇ ಬುಷ್ಷಿಗೆ ಎರಚುತ್ತ, ಇನ್ನೊಬ್ಬರಿಂದ ಗಾಡಿಯನ್ನು ಅದುಮಿಸುತ್ತ ಹೋದರೆ, ಯಾವುದಕ್ಕೆ ನೀರು ಬಿದ್ದಾಗ ಸದ್ದು ಅಡಗಿತೋ ಅದೇ ಕಳ್ಳ.

ಕಿರುಗುಟ್ಟುವ ಗಾಡಿ ಈ ಸೀಮೆಗೆ ಹೊಸದೇನಲ್ಲ. ಎತ್ತಿನ ಬಂಡಿಯ ಕಾಲದಲ್ಲಿ ಅದಕ್ಕೆ ಕೀಲೆಣ್ಣೆ ಇತ್ತು: ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿದ ಕಪ್ಪು ಮುದ್ದೆ. ಅಚ್ಚಿಗೆ ಬಳಿದರೆ ಬಂಡಿ ಸುಮ್ಮನಾಗುತ್ತಿತ್ತು. ಆ ಅಭ್ಯಾಸ ಕಾರಿಗೂ ದಾಟಿ ಬಂತು. ಅಂಬಾಸಿಡರ್ ಕಾಲದ ಮೆಕ್ಯಾನಿಕ್ಕಿನ ಕೈಯಲ್ಲಿ ಗ್ರೀಸ್ ಗನ್ ಇರುತ್ತಿತ್ತು. ಕೀಲುಗಳಲ್ಲಿ ಗ್ರೀಸ್ ನಿಪ್ಪಲ್‌ಗಳಿದ್ದವು. ಈಗಿನ ಕಾರಿನ ಕೀಲುಗಳಲ್ಲಿ ಬಹುಪಾಲು ನಿಪ್ಪಲ್ ಇಲ್ಲದವು. ಗ್ರೀಸಿನ ಜಾಗವನ್ನು ರಬ್ಬರ್ ಹಿಡಿದಿದೆ. ಎರಡು ಉಕ್ಕಿನ ಕೊಳವೆಗಳ ನಡುವೆ ಅಂಟಿಸಿದ ರಬ್ಬರು ಉಜ್ಜಿಕೊಳ್ಳುವುದಿಲ್ಲ, ತಿರುಚಿಕೊಳ್ಳುತ್ತದೆ. ಉಜ್ಜಾಟವೇ ಇಲ್ಲದ ಕಡೆ ಎಣ್ಣೆಗೇನು ಕೆಲಸ?

ಆದರೂ ಎಣ್ಣೆ ಹಾಕುವ ಕೈ ಸುಮ್ಮನಿರುವುದಿಲ್ಲ. ಗಾಡಿ ತೊಳೆಸಿದ ಮೇಲೆ ಅಡಿಗೆಲ್ಲ ಡೀಸೆಲ್ ಬೆರೆತ ಹಳೆ ಎಂಜಿನ್ ಆಯಿಲ್ ಹೊಡೆಸುವುದು ಎಷ್ಟೋ ಕಡೆ ಇನ್ನೂ ಸೇವೆಯ ಭಾಗ. ಪಿಕಪ್, ಜೀಪುಗಳ ಹಿಂದಿನ ಸ್ಪ್ರಿಂಗಿನ ಪ್ಲೇಟ್‌ಗಳ ನಡುವೆ ಅದು ಇಳಿದರೆ ಕಿರುಗುಟ್ಟುವಿಕೆ ನಿಲ್ಲುವುದು ನಿಜ. ಅದರ ಜೊತೆಗೆ ಪ್ಲೇಟ್‌ಗಳ ತಿಕ್ಕಾಟದಿಂದ ಸಿಗುತ್ತಿದ್ದ ಅಷ್ಟಿಷ್ಟು ಹತೋಟಿಯೂ ಹೋಗುತ್ತದೆ. ಗಾಡಿ ತುಸು ಹೆಚ್ಚು ಕುಣಿಯುತ್ತದೆ. ರಬ್ಬರಿಗಂತೂ ಅದು ವಿಷ. ಪೆಟ್ರೋಲಿಯಂ ಎಣ್ಣೆ ಸಹಜ ರಬ್ಬರಿನೊಳಗೆ ಇಂಗಿ ಅದನ್ನು ಉಬ್ಬಿಸಿ, ಮೆತ್ತಗಾಗಿಸಿ, ಕೊನೆಗೆ ಪುಡಿಗಟ್ಟಿಸುತ್ತದೆ. ಒಂದು ವಾರದ ಮೌನಕ್ಕೆ ಒಂದು ಬುಷ್ ಬಲಿ. ಹಳೆಯ ಕೀಲೆಣ್ಣೆಯ ಹರಳೆಣ್ಣೆ ಮಾತ್ರ ಹೀಗೆ ಮಾಡುತ್ತಿರಲಿಲ್ಲ. ಅದು ರಬ್ಬರಿಗೆ ಸೌಮ್ಯ, ಆ ಗುಣಕ್ಕಾಗಿಯೇ ಮೊದಲ ಕಾಲದ ಬ್ರೇಕ್ ಆಯಿಲನ್ನು ಹರಳೆಣ್ಣೆಗೆ ಆಲ್ಕೋಹಾಲ್ ಬೆರೆಸಿ ಮಾಡುತ್ತಿದ್ದರು. ಇಂದು ಬುಷ್ಷಿನ ಹೊರಮೈ ಕಿರುಗುಟ್ಟಿದರೆ ಹಚ್ಚಬೇಕಾದದ್ದು ಸಿಲಿಕೋನ್ ಗ್ರೀಸ್.

ಸದ್ದಿನ ಜಾತಿಯ ಮಟ್ಟಿಗೆ ಕಿವಿಯನ್ನು ನಂಬಬಹುದು. ಅದರ ಊರಿನ ಮಟ್ಟಿಗೆ ನಂಬಬಾರದು. ಒಂದು ಸದ್ದು ಎಡದಿಂದ ಬಂತೋ ಬಲದಿಂದ ಬಂತೋ ಎಂದು ನಾವು ತಿಳಿಯುವುದು ಅದು ಎರಡು ಕಿವಿಗಳನ್ನು ಮುಟ್ಟುವ ಹೊತ್ತಿನ ವ್ಯತ್ಯಾಸದಿಂದ. ಅತಿ ಹೆಚ್ಚೆಂದರೆ ಆ ವ್ಯತ್ಯಾಸ ಸೆಕೆಂಡಿನ ಸಾವಿರದ ಒಂದು ಭಾಗಕ್ಕೂ ಕಡಿಮೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್, ಉಕ್ಕಿನಲ್ಲಿ ಸುಮಾರು 5 ಕಿ.ಮೀ. ಬಲ ಮುಂಚಕ್ರದ ಟಕ್ ಕಿವಿಗೆ ಗಾಳಿಯಲ್ಲಿ ತಲುಪುವ ಮೊದಲೇ ನೆಲದ ತಗಡು, ಡ್ಯಾಶ್‌ಬೋರ್ಡು, ಬಾಗಿಲ ಕಂಬ ಎಲ್ಲವೂ ಅದನ್ನು ನುಡಿದುಬಿಟ್ಟಿರುತ್ತವೆ. ಡ್ರೈವರ್ ಆಣೆ ಹಾಕಿ ಎಡಗಡೆ ಎನ್ನುತ್ತಾನೆ, ಬಿಚ್ಚಿದರೆ ಬಲಗಡೆ. ಆದ್ದರಿಂದ ಹೊರಗೆ ನಿಂತು ಕೇಳಬೇಕು. ಒಬ್ಬರು ಕಾರಿನ ಮೂಲೆಯನ್ನು ಅದುಮುತ್ತಿರುವಾಗ ಇನ್ನೊಬ್ಬರು ಸ್ಪ್ರಿಂಗ್, ಲಿಂಕ್ ರಾಡ್, ಮೌಂಟ್‌ಗಳ ಮೇಲೆ ಒಂದೊಂದಾಗಿ ಬೆರಳಿಡಬೇಕು, ಆದರೆ ಸ್ಪ್ರಿಂಗಿನ ಸುತ್ತುಗಳ ನಡುವೆ ಎಂದೂ ಇಡಬಾರದು. ಕಿವಿಗೆ ತಿಳಿಯದ್ದು ಬೆರಳಿಗೆ ತಿಳಿಯುತ್ತದೆ. ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಕೀಲಿಗೆ, ಹಿಡಿಯನ್ನು ಕಿವಿಗೆ ಒತ್ತಿ ಕೇಳುವ ಹಳೆಯ ತಂತ್ರ ವೈದ್ಯರ ಸ್ಟೆತಸ್ಕೋಪಿನ ಅಣ್ಣತಮ್ಮ.

ಇನ್ನೂ ಕೆಲವು ಪರೀಕ್ಷೆಗಳಿಗೆ ಕೈಗೆ ಎಣ್ಣೆ ತಾಗಬೇಕಾಗಿಯೇ ಇಲ್ಲ. ಹಂಪ್ ಇಳಿಯುವಾಗ ಬ್ರೇಕನ್ನು ಸುಮ್ಮನೆ ತಾಗಿಸಿ ಹಿಡಿದರೆ ಕಟಕಟ ನಿಂತಿತೋ, ಅಲುಗುತ್ತಿದ್ದದ್ದು ಬ್ರೇಕ್ ಪ್ಯಾಡ್. ನಿಂತ ಕಾರಿನ ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಸ್ಪ್ರಿಂಗ್ ಟಣ್ ಎಂದು ಜಿಗಿದರೆ ಅದರ ನೆತ್ತಿಯ ಬೇರಿಂಗ್ ಹಿಡಿದುಕೊಂಡಿದೆ. ದಿಂಬಂನ 27 ತಿರುವುಗಳಲ್ಲಿ ಇದಕ್ಕೆ ಬೇರೆ ಪರೀಕ್ಷೆಯೇ ಬೇಡ. ಇವೆಲ್ಲಕ್ಕಿಂತ ಮೊದಲು, ಡಿಕ್ಕಿ ಖಾಲಿ ಮಾಡಬೇಕು. ಸ್ಥಾನ ತಪ್ಪಿದ ಜಾಕ್, ಸಡಿಲ ಸ್ಟೆಪ್ನಿ, ಸೀಟಿನಡಿ ಉರುಳುವ ನೀರಿನ ಬಾಟಲಿ ಎಷ್ಟೋ 'ಸಸ್ಪೆನ್ಷನ್ ಕಂಪ್ಲೇಂಟ್'ಗಳ ನಿಜವಾದ ಕರ್ತೃಗಳು.

ಗಾಡಿಯಲ್ಲಿ ದೋಷವೇ ಇಲ್ಲದೆಯೂ ಗಡಗಡ ಬರುವುದುಂಟು. ಕಾಡಿನಂಚಿನ ಹಾಡಿಗಳಿಗೆ ಹೋಗುವ ಮಣ್ಣುದಾರಿಗಳಲ್ಲಿ ಬೇಸಗೆಯ ಹೊತ್ತಿಗೆ ಬಟ್ಟೆ ಒಗೆಯುವ ಹಲಗೆಯ ಹಾಗೆ ಅಡ್ಡಗೆರೆಗಳು ಏಳುತ್ತವೆ. ಎರಡಡಿಗೊಂದರಂತೆ ಗೆರೆಯಿದ್ದು ಕಾರು 30 ಕಿ.ಮೀ. ವೇಗದಲ್ಲಿದ್ದರೆ ಚಕ್ರಕ್ಕೆ ಸೆಕೆಂಡಿಗೆ ಸುಮಾರು 14 ಪೆಟ್ಟು, ಅಂದರೆ ಚಕ್ರದ ಸ್ವಂತ ಕುಣಿತದ ಲಯಕ್ಕೆ ಸರಿಯಾಗಿ. ಈ ಗೆರೆಗಳು ಏಳುವುದು ಗಾಡಿಗಳ ಸ್ಪ್ರಿಂಗಿನಿಂದಲೇ ಎಂಬ ನಂಬಿಕೆಯಿತ್ತು. ಟೊರಾಂಟೊ ವಿಶ್ವವಿದ್ಯಾಲಯದ ಸ್ಟೀಫನ್ ಮಾರಿಸ್ ಮತ್ತು ಸಂಗಡಿಗರು ಮರಳು ತುಂಬಿದ ತಿರುಗುಮೇಜಿನ ಮೇಲೆ ಸ್ಪ್ರಿಂಗೇ ಇಲ್ಲದ ಚಕ್ರ ಓಡಿಸಿ 2007ರಲ್ಲಿ ಪ್ರಕಟಿಸಿದ ಪ್ರಯೋಗ ಬೇರೆ ಕತೆ ಹೇಳಿತು: ಒಂದು ಮಿತಿಯನ್ನು ಮೀರಿದ ವೇಗವಿದ್ದರೆ ಸಾಕು, ಗೆರೆಗಳು ತಾವಾಗಿ ಏಳುತ್ತವೆ, ಅದಕ್ಕಿಂತ ನಿಧಾನವಾದರೆ ನೆಲ ಸಪಾಟಾಗಿಯೇ ಉಳಿಯುತ್ತದೆ.

ಕಳ್ಳ ಸಿಕ್ಕಿದ ಮೇಲೆ ರಿಪೇರಿ. ಇಲ್ಲಿ ಎರಡು ಕಡೆ ಜೀವದ ಮಾತಿದೆ. ಬರೀ ಜಾಕಿನ ಮೇಲೆ ನಿಂತ ಗಾಡಿಯಡಿ ಯಾರೂ ತೂರಬಾರದು. ಸ್ಟ್ಯಾಂಡ್ ಬೇಕು, ಹಿಂದಿನ ಚಕ್ರಕ್ಕೆ ಕಲ್ಲು ಬೇಕು. ಇನ್ನೊಂದು, ಮುಂದಿನ ಸ್ಟ್ರಟ್. ಸ್ಪ್ರಿಂಗನ್ನೂ ಶಾಕಪ್ಪನ್ನೂ ಒಂದೇ ಕಂಬವಾಗಿ ಸೇರಿಸಿದ ಈ ಜೋಡಣೆ ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ಹೆಸರಿನದು. ಫೋರ್ಡ್ ಕಂಪನಿಯ ಕಾರುಗಳಲ್ಲಿ 1950ರ ಸುಮಾರಿಗೆ ಬಂದದ್ದು, 1983ರ ಮಾರುತಿ 800ರೊಂದಿಗೆ ನಮ್ಮ ಊರೂರಿಗೆ ತಲುಪಿತು. ಅದರ ನೆತ್ತಿಯ ನಟ್ ಬಿಚ್ಚುವ ಮೊದಲು ಸ್ಪ್ರಿಂಗನ್ನು ಅದಕ್ಕೆಂದೇ ಇರುವ ಸ್ಪ್ರಿಂಗ್ ಕಂಪ್ರೆಸರಿನಿಂದ ಬಿಗಿಯಬೇಕು. ಒಂದು ಮಿಲಿಮೀಟರ್ ಅದುಮಲು ಎರಡು ಕೆ.ಜಿ. ಭಾರ ಬೇಕಾದ ಸ್ಪ್ರಿಂಗ್ 15 ಸೆಂ.ಮೀ. ಅದುಮಿ ಕೂತಿದ್ದರೆ, ಅದರಲ್ಲಡಗಿದ ಶಕ್ತಿ ಏಳೂವರೆ ಅಡಿ ಎತ್ತರದಿಂದ ಬೀಳುವ ಹತ್ತು ಕೆ.ಜಿ. ಕಲ್ಲಿನಷ್ಟು. ಹಗ್ಗ, ತಂತಿ ಕಟ್ಟಿ ಬಿಚ್ಚುವ ಸಾಹಸ ಯಾರಿಗೂ ಬೇಡ.

ಬಾಲ್ ಜಾಯಿಂಟ್ ನೋಡುವಾಗ ಜಾಕ್ ಎಲ್ಲಿಟ್ಟಿರಿ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಮ್ಯಾಕ್‌ಫರ್ಸನ್ ಕಾರಿನಲ್ಲಿ ಭಾರವೆಲ್ಲ ಸ್ಟ್ರಟ್ಟಿನ ನೆತ್ತಿಯದು, ಕೆಳಗಿನ ಜಾಯಿಂಟ್ ಹಗುರ. ಚಕ್ರವನ್ನು ತೂಗುಬಿಟ್ಟು ಸಣ್ಣ ಹಾರೆಯಿಂದ ಮೀಟಿದರೆ ಸಂದು ಕಾಣುತ್ತದೆ. ಸ್ಪ್ರಿಂಗ್ ಕೆಳತೋಳಿನ ಮೇಲೆ ಕೂತ ಗಾಡಿಯಾದರೆ ಆ ತೋಳಿನಡಿಯೇ ಜಾಕ್ ಕೊಟ್ಟು ಜಾಯಿಂಟಿನ ಹೊರೆ ಇಳಿಸಬೇಕು. ಇಲ್ಲದಿದ್ದರೆ ಸ್ಪ್ರಿಂಗೇ ಅದನ್ನು ಬಿಗಿಯಾಗಿ ಒತ್ತಿಹಿಡಿದು, ಸತ್ತ ಜಾಯಿಂಟೂ ಗಟ್ಟಿಮುಟ್ಟಾಗಿ ಕಾಣುತ್ತದೆ.

ಹೊಸ ಬುಷ್ ಹಾಕಿ, ಬೋಲ್ಟ್ ಬಿಗಿದು, ಗಾಡಿ ಇಳಿಸಿದರು. ಸದ್ದಿಲ್ಲ. ಮೂರು ತಿಂಗಳಿಗೆ ಅದೇ ಜಾಗದಲ್ಲಿ ಅದೇ ಕಿರ್ರ್. ಬುಷ್ ಕಳಪೆ ಎಂದು ಅಂಗಡಿಯವನಿಗೆ ಬೈಗುಳ. ತಪ್ಪು ಬಹಳ ಸಲ ಬಿಗಿದ ಹೊತ್ತಿನದು. ಗಾಡಿ ಮೇಲೆತ್ತಿದಾಗ ಚಕ್ರ ಕೆಳಗೆ ಜೋತಿರುತ್ತದೆ, ತೋಳು ಇಳಿಜಾರಾಗಿರುತ್ತದೆ. ಆ ಸ್ಥಿತಿಯಲ್ಲಿ ಬೋಲ್ಟ್ ಬಿಗಿದರೆ ರಬ್ಬರು ಅದನ್ನೇ ತನ್ನ ಸಹಜ ಭಂಗಿ ಎಂದು ಹಿಡಿದುಕೊಳ್ಳುತ್ತದೆ. ಗಾಡಿ ನೆಲಕ್ಕಿಳಿದೊಡನೆ ತೋಳು ಮೇಲೇಳುತ್ತದೆ, ಬುಷ್ ನಿಂತಲ್ಲೇ ತಿರುಚಿಕೊಂಡಿರುತ್ತದೆ. ಪ್ರತಿ ಹಂಪಿಗೂ ಇನ್ನಷ್ಟು. ಆದ್ದರಿಂದ ಬೋಲ್ಟನ್ನು ಕೈಯಲ್ಲಿ ಹಿಡಿಯುವಷ್ಟು ಮಾತ್ರ ತಿರುಗಿಸಿ, ನಾಲ್ಕೂ ಚಕ್ರಗಳನ್ನು ನೆಲಕ್ಕೆ ತಾಗಿಸಿ, ಗಾಡಿಯನ್ನು ಎರಡು ಸಲ ಕುಣಿಸಿ ಕೂರಿಸಿದ ಮೇಲೆ ಕೊನೆಯ ಬಿಗಿತ ಕೊಡಬೇಕು. ಮಣ್ಣಿನ ನೆಲದಲ್ಲಿ ಮಲಗಿ, ಕೈ ತಲುಪದ ಸಂದಿಗೆ ಸ್ಪ್ಯಾನರ್ ತೂರಿಸಿ ಮಾಡಬೇಕಾದ ಹತ್ತು ನಿಮಿಷದ ಕೆಲಸ ಇದು. ಅದನ್ನು ಬಿಟ್ಟ ಗಾಡಿ ಮುಂದಿನ ಕಬ್ಬಿನ ಹಂಗಾಮಿಗೆ ಮತ್ತೆ ಅದೇ ಗ್ಯಾರೇಜಿನ ಮುಂದೆ ನಿಂತಿರುತ್ತದೆ: 'ಅಣ್ಣ, ಹಂಪ್ ಇಳಿಯವಾಗ...'